ನಾಗಪುರದಲ್ಲಿ ವಯಸ್ಕರ ಮನೆ ಆರೈಕೆ: ಗುಣಮಟ್ಟ ಮತ್ತು ಸುರಕ್ಷತೆಯ ಮೌಲ್ಯಮಾಪನ

ಹಾಸಿಗೆ ಹಿಡಿದವರು, ಪಾರ್ಶ್ವವಾಯು ಬಡಿದವರು, ಮರೆವಿನ ಕಾಯಿಲೆಯವರು, ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಮರಳಿದವರು ಮನೆಯಲ್ಲೇ ಪಡೆಯುವ ಶುಶ್ರೂಷೆ ಎಷ್ಟು ಸಮರ್ಪಕ, ಎಷ್ಟು ನಿರಪಾಯ ಎಂದು ಅಳೆಯುವುದೇ ಮನೆ ಆರೈಕೆಯ ಮೌಲ್ಯಮಾಪನ. ನಾಗಪುರದಲ್ಲಿ ಇದರ ಚರಿತ್ರೆ ಅಂಕುಡೊಂಕು. ಆರೈಕೆ ಮಾಡುವವರ ಅರ್ಹತೆಗೆ ನೂರು ವರ್ಷ ಹಳೆಯ ಕಾಗದಪತ್ರಗಳಿವೆ, ಆರೈಕೆ ನಡೆಯುವ ಕಟ್ಟಡಕ್ಕೆ ಕಾನೂನಿದೆ. ಮಂಚದ ಪಕ್ಕದಲ್ಲಿ ರಾತ್ರಿಯೆಲ್ಲ ಏನು ನಡೆಯಿತೆಂಬುದಕ್ಕೆ ಮಾತ್ರ ದಾಖಲೆ ತೀರ ಈಚಿನದು, ಅದೂ ಅರೆಬರೆ.

ಮೊದಲು ಪರೀಕ್ಷೆಗೆ ಒಳಗಾದವಳು ಸೂಲಗಿತ್ತಿ. ಲೇಡಿ ಕರ್ಜನ್ 1903ರಲ್ಲಿ ಆರಂಭಿಸಿದ ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿಯ ಗುರಿ ದಾಯಿಯರಿಗೆ ತರಬೇತಿ ಕೊಡುವುದಾಗಿತ್ತು. ಬಾಣಂತಿಕೋಣೆಯ ಕೊಳಕು, ಕೈ ತೊಳೆಯದ ರೂಢಿ, ಹೊಕ್ಕುಳಬಳ್ಳಿ ಕತ್ತರಿಸುವ ಆಯುಧ ಇವೆಲ್ಲ ಆಡಳಿತದ ಕಣ್ಣಿಗೆ ಬಿದ್ದದ್ದು ಆ ಕಾಲದಲ್ಲಿ. ಮಧ್ಯಪ್ರಾಂತದ ರಾಜಧಾನಿಯಾಗಿದ್ದ ನಾಗಪುರದಲ್ಲಿ ಡಫರಿನ್ ಆಸ್ಪತ್ರೆಯೂ (ಇಂದಿನ ಡಾಗಾ ಸ್ಮಾರಕ ಆಸ್ಪತ್ರೆ) ಸ್ಕಾಟ್ಲೆಂಡಿನ ಮಿಷನ್ನಿನ ಮ್ಯೂರ್ ಸ್ಮಾರಕ ಆಸ್ಪತ್ರೆಯೂ ನರ್ಸುಗಳನ್ನು ತಯಾರು ಮಾಡುತ್ತಿದ್ದವು. ಆದರೆ ಹೆರಿಗೆ, ಬಾಣಂತನ, ಕಾಯಿಲೆ, ಸಾವು ಎಲ್ಲವೂ ಬಹುಪಾಲು ಮನೆಯಲ್ಲೇ ಆಗುತ್ತಿದ್ದವು.

ಆಸ್ಪತ್ರೆ ಮತ್ತು ಮನೆ, ಈ ಎರಡರ ನಡುವೆ ನಿಂತವರು ಕಮಲಾಬಾಯಿ ಹೊಸ್ಪೇಟ್ (1896–1981). ಹೆಸರು ಕೇಳಿದ ಕನ್ನಡಿಗರಿಗೆ ಹೊಸಪೇಟೆ ನೆನಪಾದರೆ ಅಚ್ಚರಿಯಿಲ್ಲ. ಅದು ಮದುವೆಯಿಂದ ಬಂದ ಅಡ್ಡಹೆಸರು, ತವರಿನದು ಮೋಹನಿ. ಎಳವೆಯಲ್ಲೇ ವಿಧವೆಯಾದ ಅವರು ಡಫರಿನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತು, ವೇಣುತಾಯಿ ನೇನೆಯವರ ಜೊತೆಗೂಡಿ 1921ರಲ್ಲಿ ಮಾತೃ ಸೇವಾ ಸಂಘವನ್ನು ಕಟ್ಟಿದರು. 1961ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹೆರಿಗೆ ಮನೆಯಾಗಿ ಹುಟ್ಟಿದ ಸಂಘ ಮುಂದೆ ಪಂಚವಟಿ ವೃದ್ಧಾಶ್ರಮವನ್ನೂ ನಡೆಸಿತು. ಸಂಘವನ್ನು ಹೆರಿಗೆ ಆಸ್ಪತ್ರೆಗಳ ಸಾಲಿಗೆ ಸೇರಿಸಿ ಸುಮ್ಮನಾಗುವುದು ರೂಢಿ. ಆದರೆ ಮನೆಯ ಹೆಣ್ಣುಮಕ್ಕಳು ಸಂಬಳವಿಲ್ಲದೆ ಮಾಡುತ್ತಿದ್ದ ಶುಶ್ರೂಷೆಯನ್ನು ಕಲಿತು ಮಾಡಬೇಕಾದ ಕೆಲಸವೆಂದು ಈ ಊರಿನಲ್ಲಿ ತೋರಿಸಿಕೊಟ್ಟ ಸಂಸ್ಥೆಗಳಲ್ಲಿ ಅದೂ ಒಂದು.

ಇಲ್ಲಿಂದ ಮುಂದೆ ಕಾನೂನಿನ ಗೊಂದಲ. ಮಹಾರಾಷ್ಟ್ರದ ಆರೋಗ್ಯ ಕಾಯ್ದೆಗಳ ಬಗೆಗಿನ ಬರಹಗಳಲ್ಲಿ 1949ರ ಬಾಂಬೆ ನರ್ಸಿಂಗ್ ಹೋಮ್ಸ್ ನೋಂದಣಿ ಕಾಯ್ದೆಯೇ ಮೊದಲ ಮೈಲಿಗಲ್ಲು. ನಾಗಪುರಕ್ಕೆ ಈ ಇಸವಿ ಹೊಂದುವುದಿಲ್ಲ. 1949ರಲ್ಲಿ ಊರು ಬಾಂಬೆ ಪ್ರಾಂತಕ್ಕೆ ಸೇರಿರಲಿಲ್ಲ, ಮಧ್ಯಪ್ರಾಂತ ಮತ್ತು ಬೆರಾರಿನ ರಾಜಧಾನಿಯಾಗಿತ್ತು. ವಿದರ್ಭ ಬಾಂಬೆ ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು, ಕನ್ನಡ ನಾಡು ಒಂದಾದ ದಿನವೇ. ಮಹಾರಾಷ್ಟ್ರವಾದದ್ದು 1960ರ ಮೇ 1ರಂದು. ಇಸವಿಗಿಂತ ದೊಡ್ಡ ತೊಡಕು ಕಾಯ್ದೆಯ ಹಿಡಿತದ್ದು. ಅದು ನೋಂದಾಯಿಸುವುದು ರೋಗಿಗಳನ್ನು ಸೇರಿಸಿಕೊಳ್ಳುವ ಜಾಗವನ್ನು. ರೋಗಿ ತನ್ನ ಮನೆಯಲ್ಲೇ ಮಲಗಿದ್ದರೆ ತಪಾಸಣೆಗೆ ಜಾಗವೇ ಇಲ್ಲ. ಕಾಯ್ದೆಯ ನಿಯಮಗಳನ್ನು 2021ರಲ್ಲಿ ತಿದ್ದಿ ರೋಗಿಗಳ ಹಕ್ಕುಗಳ ಸನ್ನದು ಸೇರಿಸಿದಾಗಲೂ ಅದು ಆಸ್ಪತ್ರೆಯ ಗೋಡೆಯ ಮೇಲೆ ತೂಗುಹಾಕುವ ಪತ್ರವಾಗಿಯೇ ಉಳಿಯಿತು.

1966ರ ಮಹಾರಾಷ್ಟ್ರ ನರ್ಸ್‌ಗಳ ಕಾಯ್ದೆ ಜಾಗ ಬಿಟ್ಟು ವ್ಯಕ್ತಿಯನ್ನು ನೋಡುತ್ತದೆ. ಅದರ ನೋಂದಣಿ ಪಟ್ಟಿಯಲ್ಲಿ ಹೆಸರಿದ್ದರೆ ಆಕೆ ಕಲಿತವಳು ಎಂದಷ್ಟೇ ಅರ್ಥ. ಅದಿರಲಿ, ರಾತ್ರಿಯ ಆರೈಕೆಯ ಬಹುಭಾಗ ನರ್ಸುಗಳ ಕೈಯಲ್ಲಿಲ್ಲ. ಅದನ್ನು ಮಾಡುವ ಹೆಂಗಸನ್ನು ಈ ಭಾಗದಲ್ಲಿ ‘ಮಾವಶಿ’ ಎನ್ನುತ್ತಾರೆ, ಅಂದರೆ ತಾಯಿಯ ಅಕ್ಕ ಅಥವಾ ತಂಗಿ. ಗಂಡಸಾದರೆ ‘ಮಾಮಾ’ ಅಥವಾ ವಾರ್ಡ್ ಬಾಯ್. ಕರೆಯುವ ಹೆಸರಿನಲ್ಲಿ ನಂಟಸ್ತಿಕೆ ಇದೆ, ನರ್ಸುಗಳ ಪಟ್ಟಿಯಲ್ಲಿ ಇವರ ಹೆಸರಿಲ್ಲ.

ಹೊರಜಗತ್ತಿನಲ್ಲಿ ಅಳತೆಗೋಲುಗಳು ಬೇಗ ಬಂದವು. ನಿತ್ಯದ ಕೆಲಸಗಳನ್ನು ಅಳೆಯುವ ಕಾಟ್ಜ್ ಸೂಚ್ಯಂಕ 1963ರದು, ಬಾರ್ಥೆಲ್ ಸೂಚ್ಯಂಕ 1965ರದು, ಹಾಸಿಗೆಹುಣ್ಣಿನ ಅಪಾಯ ಅಂದಾಜಿಸುವ ಬ್ರೇಡನ್ ಮಾಪಕ 1987ರದು. ರಚನೆ, ಪ್ರಕ್ರಿಯೆ, ಫಲಿತಾಂಶ ಎಂಬ ಮೂರು ನೆಲೆಗಳಲ್ಲಿ ಗುಣಮಟ್ಟ ನೋಡಬೇಕೆಂದು ಅವೆಡಿಸ್ ಡೊನಬೇಡಿಯನ್ ಬರೆದದ್ದು 1966ರಲ್ಲಿ. ಭಾರತಕ್ಕೆ ಬರುವಾಗ ಈ ಕೋಲುಗಳು ಕೆಲವೆಡೆ ಡೊಂಕಾದವು. ಬಕೆಟ್ಟು, ಚೊಂಬು ಇಟ್ಟುಕೊಂಡು ಮಣೆಯ ಮೇಲೆ ಕುಳಿತು ಸ್ನಾನ ಮಾಡುವವರಿಗೆ, ಕುಕ್ಕರಗಾಲಿನ ಪಾಯಖಾನೆ ಬಳಸುವವರಿಗೆ ಬೇರೆ ದೇಶದ ಪ್ರಶ್ನೆಗಳು ಸರಿಹೊಂದವು. ಅಕ್ಷರ ಬಾರದ ವೃದ್ಧರಿಗಾಗಿ ಹರಿಯಾಣದ ಬಲ್ಲಭಗಢದಲ್ಲಿ 1995ರ ಹಿಂದಿ ಮನಃಸ್ಥಿತಿ ಪರೀಕ್ಷೆಯೂ 1999ರ ನಿತ್ಯ ಸಾಮರ್ಥ್ಯಗಳ ಭಾರತೀಯ ಮಾಪಕವೂ ರೂಪುಗೊಂಡವು. ಇವು ರೋಗಿಯ ಸ್ಥಿತಿಯನ್ನು ಅಳೆಯುತ್ತವೆ. ಆರೈಕೆ ಹೇಗಿದೆ ಎಂಬುದನ್ನು ಅದರಿಂದ ಊಹಿಸಬೇಕು.

ಮನೆಯೊಳಗಿನ ಆರೈಕೆಯನ್ನೇ ನೇರವಾಗಿ ಅಳೆದ ದೊಡ್ಡ ಪ್ರಯೋಗ ನಡೆದದ್ದು ವಿದರ್ಭದಲ್ಲೇ, ಗಡಚಿರೋಲಿಯಲ್ಲಿ. ಅದು ವಯಸ್ಕರದ್ದಲ್ಲ, ನವಜಾತ ಶಿಶುಗಳದ್ದು. ಆದರೂ ಅದನ್ನು ಬಿಟ್ಟು ಈ ಚರಿತ್ರೆ ಬರೆಯಲಾಗದು. ನಾಗಪುರದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಅಭಯ್ ಬಂಗ್ ಮತ್ತು ರಾಣಿ ಬಂಗ್ 1986ರಲ್ಲಿ ಸರ್ಚ್ ಸಂಸ್ಥೆಯನ್ನು ಕಟ್ಟಿದರು. 39 ಹಳ್ಳಿಗಳಲ್ಲಿ ತರಬೇತಿ ಪಡೆದ ಊರಿನ ಹೆಂಗಸರು ಮನೆಮನೆಗೆ ಹೋಗಿ ಶಿಶುವನ್ನು ತೂಗಿದರು, ಉಸಿರು ಎಣಿಸಿದರು, ಸೋಂಕಿಗೆ ಔಷಧ ಕೊಟ್ಟರು. ಹೋಲಿಕೆಗೆ 47 ಹಳ್ಳಿಗಳಿದ್ದವು. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವರದಿಯ ಪ್ರಕಾರ ಮೂರನೆಯ ವರ್ಷದ ಹೊತ್ತಿಗೆ ನವಜಾತ ಶಿಶುಮರಣ ಹೋಲಿಕೆಯ ಹಳ್ಳಿಗಳಿಗಿಂತ 62% ತಗ್ಗಿತ್ತು. ಸಂಖ್ಯೆಯಷ್ಟೇ ಮುಖ್ಯವಾದದ್ದು ವಿಧಾನ: ಮನೆಯಲ್ಲಿ ನಡೆದದ್ದನ್ನು ಕಾರ್ಯಕರ್ತೆ ಬರೆದಿಡುವುದು, ಮೇಲ್ವಿಚಾರಕರು ಬಂದು ತಾಳೆ ನೋಡುವುದು, ಪ್ರತಿ ಸಾವನ್ನೂ ಎಣಿಸುವುದು. ಮನೆಯೊಳಗಿನದನ್ನು ಅಳೆಯಲಾಗದು ಎಂಬ ಮಾತಿಗೆ ಇದು ಉತ್ತರವಾಗಿತ್ತು. ಅದೇ ಮನೆಯ ಇನ್ನೊಂದು ಮೂಲೆಯಲ್ಲಿ ಮಲಗಿದ್ದ ಅಜ್ಜಿಗೆ ಈ ಲೆಕ್ಕ ತಲುಪಲಿಲ್ಲ.

ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಉಪಶಾಮಕ ಆರೈಕೆಯ ಹಾದಿ ಬೇರೆ. ಕೋಳಿಕ್ಕೋಡಿನಲ್ಲಿ 1993ರಲ್ಲಿ, ಬೆಂಗಳೂರಿನ ಕರುಣಾಶ್ರಯದಿಂದ 1995ರಲ್ಲಿ ಆರಂಭವಾದ ಸೇವೆಗಳು ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು ಬರೆಯುವುದನ್ನು ಮನೆಭೇಟಿಯ ಭಾಗವಾಗಿಸಿದವು. ಕೇರಳ 2008ರಲ್ಲಿ, ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2016ರಲ್ಲಿ ಉಪಶಾಮಕ ಆರೈಕೆಗೆ ನೀತಿ ರೂಪಿಸಿದವು. ಮಾದಕದ್ರವ್ಯ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಬಂದ ಮೇಲೂ ನೋವು ತಗ್ಗಿಸುವ ಮಾರ್ಫಿನ್ ಮಾತ್ರೆಗೆ ಪೈಸೆಪೈಸೆಯ ಲೆಕ್ಕ ಇಡಬೇಕು. ಮನೆ ಆರೈಕೆಯಲ್ಲಿ ಇಷ್ಟು ಬಿಗಿಯಾಗಿ ಎಣಿಕೆಯಾಗುವ ವಸ್ತು ಇದೊಂದೇ ಇರಬೇಕು.

ದುಡ್ಡು ಕೊಟ್ಟು ಪಡೆಯುವ ಮನೆ ಆರೈಕೆ ಸಂಘಟಿತ ಉದ್ಯಮವಾಗಿ ಬೆಂಗಳೂರಿನಲ್ಲಿ 1996ರ ನೈಟಿಂಗೇಲ್ಸ್‌ನಿಂದ ಕಾಣಿಸಿಕೊಂಡು, 2012–13ರ ನಂತರ ದೊಡ್ಡ ಬಂಡವಾಳದ ಕಂಪನಿಗಳಿಂದ ಹಬ್ಬಿತು. ನಾಗಪುರದಲ್ಲಿ ಬಹುಮಟ್ಟಿಗೆ ನಡೆಯುವುದು ‘ಬ್ಯೂರೋ’ಗಳ ವ್ಯವಹಾರ. ಮಕ್ಕಳು ಪುಣೆ, ಬೆಂಗಳೂರು, ಹೈದರಾಬಾದ್ ಸೇರಿದ ಮನೆಗಳಿಗೆ ಫೋನು ಮಾಡಿದರೆ ಮಾವಶಿ ಬರುತ್ತಾಳೆ, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟು ಅಥವಾ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು. ಮೌಲ್ಯಮಾಪನದ ಏಕೈಕ ದಾಖಲೆ ಎಂದರೆ ಮಂಚದ ಪಕ್ಕದ ಇನ್ನೂರು ಪುಟದ ನೋಟ್‌ಬುಕ್ಕು. ಗೆರೆ ಎಳೆದ ಕಂಬಸಾಲುಗಳಲ್ಲಿ ಹೊತ್ತು, ಬಿಪಿ, ಶುಗರ್, ಎಷ್ಟು ನೀರು ಕುಡಿಸಿದ್ದು, ಎಷ್ಟು ಮೂತ್ರ ಹೋದದ್ದು, ಎಡಮಗ್ಗುಲು, ಬಲಮಗ್ಗುಲು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ಹಾಸಿಗೆಹುಣ್ಣು ತಪ್ಪೀತು ಎಂಬುದು ನರ್ಸಿಂಗಿನ ಹಳೆಯ ಪಾಠ. ಎರಡು ಗಂಟೆಯ, ನಾಲ್ಕು ಗಂಟೆಯ, ಆರು ಗಂಟೆಯ ಸಾಲುಗಳು ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ, ಒಂದಿಷ್ಟೂ ವಾಲದೆ ಬರೆದಿದ್ದರೆ, ಬೆಳಗಿನ ಜಾವ ಕುಳಿತು ತುಂಬಿಸಿದ್ದೆಂದು ಪಳಗಿದ ಮೇಲ್ವಿಚಾರಕಿಗೆ ಗೊತ್ತಾಗುತ್ತದೆ. ಆಕೆ ಪುಸ್ತಕ ಮುಚ್ಚಿ ರೋಗಿಯ ಬೆನ್ನಿನ ಕೆಳಭಾಗ, ಹಿಮ್ಮಡಿ ನೋಡುತ್ತಾಳೆ. ಕೆಂಪಾದ ಚರ್ಮವನ್ನು ಬೆರಳಲ್ಲಿ ಒತ್ತಿ ಬಿಟ್ಟಾಗ ಬೆಳ್ಳಗಾಗದಿದ್ದರೆ ಹುಣ್ಣಿನ ಮೊದಲ ಹಂತ. ಕಪ್ಪು ಮೈಬಣ್ಣದಲ್ಲಿ ಇದು ಕಣ್ಣಿಗೆ ಬೀಳದು, ಬಿಸಿಯೋ ಗಟ್ಟಿಯೋ ಎಂದು ಮುಟ್ಟಿಯೇ ತಿಳಿಯಬೇಕು.

ಊರಿಗೆ ತನ್ನದೇ ಒಂದು ಅಪಾಯವೂ ಇದೆ. ಮೇ ತಿಂಗಳಲ್ಲಿ ಪಾದರಸ 45 ಡಿಗ್ರಿ ದಾಟುವ ನಾಗಪುರದಲ್ಲಿ ಬಾಯಾರಿಕೆ ಹೇಳಿಕೊಳ್ಳಲಾಗದ ರೋಗಿಗೆ ಕೂಲರ್ ನಿಂತ ಮಧ್ಯಾಹ್ನವೇ ಗಂಡಾಂತರ. ನಗರಕ್ಕೆ 2016ರಲ್ಲಿ ಬಿಸಿಗಾಳಿ ಕ್ರಿಯಾಯೋಜನೆ ಬಂತು. ಮನೆ ಆರೈಕೆಯ ಸಾಮಾನ್ಯ ಪರಿಶೀಲನಾಪಟ್ಟಿಗಳು ಸ್ನಾನದ ಮನೆಯ ಜಾರುನೆಲವನ್ನು ಕೇಳುವಷ್ಟು ಕೋಣೆಯ ಶಾಖವನ್ನು ಕೇಳುವುದಿಲ್ಲ.

ಅಳತೆಯನ್ನು ಕಾನೂನಿನೊಳಗೆ ತರಲು ಹೊರಟದ್ದು 2019ರ ಮಸೂದೆ. ಪೋಷಕರು ಮತ್ತು ಹಿರಿಯ ನಾಗರಿಕರ ಪಾಲನೆ ಹಾಗೂ ಕಲ್ಯಾಣದ 2007ರ ಕಾಯ್ದೆಗೆ ತಿದ್ದುಪಡಿಯಾಗಿ ಡಿಸೆಂಬರ್ 2019ರಲ್ಲಿ ಲೋಕಸಭೆಗೆ ಬಂದ ಇದು ಮನೆ ಆರೈಕೆ ಸಂಸ್ಥೆಗಳ ನೋಂದಣಿಯನ್ನೂ ಕನಿಷ್ಠ ಮಾನದಂಡವನ್ನೂ ಸೂಚಿಸಿತ್ತು. ಸ್ಥಾಯಿ ಸಮಿತಿಗೆ ಹೋಯಿತು, ವರದಿ 2021ರಲ್ಲಿ ಬಂತು, 2024ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಮಸೂದೆ ಬಿದ್ದುಹೋಯಿತು. ಇದು ಕಾಯ್ದೆಯಾಗಿದೆ ಎಂದುಕೊಳ್ಳುವುದು ತಪ್ಪು.

ಬದಲಾವಣೆ ಬೇರೆ ಬಾಗಿಲಿನಿಂದ ಬಂತು. ಜುಲೈ 2020ರ ಕೊರೊನಾ ಕವಚ್ ವಿಮೆ ಮನೆಯಲ್ಲೇ ಪಡೆದ ಕೋವಿಡ್ ಚಿಕಿತ್ಸೆಗೆ 14 ದಿನಗಳವರೆಗೆ ಹಣ ಕೊಡಲು ಒಪ್ಪಿತು. ಷರತ್ತೆಂದರೆ ವೈದ್ಯರು ಪ್ರತಿದಿನ ನಿಗಾ ಇಟ್ಟಿರಬೇಕು, ದಿನದಿನದ ಚಾರ್ಟಿಗೆ ಚಿಕಿತ್ಸೆ ನೀಡಿದ ವೈದ್ಯರ ಸಹಿ ಇರಬೇಕು. ಮಂಚದ ಪಕ್ಕದ ಚಾರ್ಟಿಗೆ ಹಣದ ಬೆಲೆ ಬಂದದ್ದು ಆಗ. ಗುಣಮಟ್ಟದ ಚಳವಳಿಗಿಂತ ಕ್ಲೇಮಿನ ಚಿಂತೆ ಇದನ್ನು ಸಾಧಿಸಿತು ಎಂದರೆ ತಪ್ಪಾಗದು.

ಉಳಿದದ್ದು ಚದುರಿದ ಏರ್ಪಾಡು. ಆರೋಗ್ಯ ಕ್ಷೇತ್ರದ ಕೌಶಲ ಮಂಡಳಿಯ ‘ಹೋಮ್ ಹೆಲ್ತ್ ಏಡ್’ ಪ್ರಮಾಣಪತ್ರ ಕಲಿಕೆಯನ್ನು ಪರೀಕ್ಷಿಸುತ್ತದೆ. ಖಾಸಗಿ ಮಾನ್ಯತಾ ಸಂಸ್ಥೆಗಳ ಮಾನದಂಡಗಳು ಬೇಕೆಂದವರಿಗೆ ಮಾತ್ರ. ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನಡಿ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿದ್ದು ಹಾನಿಯಾದ ಮೇಲಿನ ದಾರಿ. ಭಾರತದ ವೃದ್ಧಾಪ್ಯದ ದೀರ್ಘಾವಧಿ ಅಧ್ಯಯನದ ಮೊದಲ ಸುತ್ತಿನಲ್ಲಿ (2017–18) 60 ದಾಟಿದವರಲ್ಲಿ ಸುಮಾರು 24% ಮಂದಿಗೆ ನಿತ್ಯದ ಕೆಲಸಗಳಲ್ಲಿ ಒಂದಾದರೂ ಕಷ್ಟವೆಂದು ಕಂಡುಬಂತು. ನೀತಿ ಆಯೋಗ ಫೆಬ್ರವರಿ 2024ರಲ್ಲಿ ಹಿರಿಯರ ಆರೈಕೆಯ ಸುಧಾರಣೆ ಕುರಿತು ಪ್ರಬಂಧ ಹೊರತಂದಿತು. ಮಸೂದೆ ಬಿದ್ದುಹೋದದ್ದು ಅದಾದ ಕೆಲವೇ ತಿಂಗಳಲ್ಲಿ.