ಅವಲಪಲ್ಲಿಯ ಬ್ಯಾಂಡ್‌ಸಾ: ಇಸವಿಯಿಲ್ಲದ ಶೆಡ್ಡುಗಳ ಚರಿತ್ರೆ

ಶೀರ್ಷಿಕೆ ನೋಡಿ, ಇವರು ಇತಿಹಾಸ ವಿಭಾಗದವರೋ ಐಟಿಐಯವರೋ ಅಂತ ಕೆಲವರಿಗೆ ಅನುಮಾನ ಬಂದಿರಬಹುದು. ಬರಲಿ.

ಹೊಸೂರಿನ ಕೈಗಾರಿಕೆ ಅಂದ ಕೂಡಲೇ ನಾವು ಒಪ್ಪಿಸುವ ಇಸವಿಗಳು ಗೊತ್ತೇ ಇವೆ: 1971ರಲ್ಲಿ ಸಿಪ್ಕಾಟ್ ಸಂಸ್ಥೆ, 1980ರಲ್ಲಿ ಅಶೋಕ್ ಲೇಲ್ಯಾಂಡ್ ಘಟಕ, ಅದೇ ವರ್ಷ ಟಿವಿಎಸ್ 50 ಮೊಪೆಡ್. ಇವೆಲ್ಲ ಗೇಟುಗಳ ಇಸವಿ. ಆದರೆ ಕಬ್ಬಿಣದ ಸರಳು ಲೇತಿಗೆ ಹೋಗುವ ಮೊದಲು ಅದನ್ನು ಅಳತೆಗೆ ಕತ್ತರಿಸಬೇಕಲ್ಲ? ಹೊಸೂರಿಗೆ ಅಂಟಿಕೊಂಡ ಅವಲಪಲ್ಲಿಯಂಥ ಊರುಗಳ ಜಾಬ್‌ವರ್ಕ್ ಶೆಡ್ಡುಗಳಲ್ಲಿ ನಡೆಯುವುದು ಆ ಕೆಲಸ. ಅವಕ್ಕೆ ಉದ್ಘಾಟನೆಯ ಕಲ್ಲಿಲ್ಲ. ಹಾಗಾದರೆ ಕಾಲ ಗುರುತಿಸೋದು ಹೇಗೆ?

ಯಂತ್ರ ಹುಟ್ಟಿದ ವರ್ಷದಿಂದ ಆಗೋದಿಲ್ಲ. ಬ್ಯಾಂಡ್‌ಸಾಗೆ ವಿಲಿಯಂ ನ್ಯೂಬೆರಿ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದದ್ದು 1809ರ ಹೊತ್ತಿಗೆ. ಆದರೆ ಚಕ್ರದ ಸುತ್ತ ಬಾಗಿ ಬಾಗಿ ಪಟ್ಟಿ ಬೆಸುಗೆಯಲ್ಲೇ ಕಿತ್ತುಹೋಗುತ್ತಿತ್ತು. 1846ರಲ್ಲಿ ಫ್ರಾನ್ಸಿನ ಆನ್ ಪೋಲಿನ್ ಕ್ರೆಪಿನ್ ಎಂಬ ಮಹಿಳೆ ಬೆಸೆಯುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೇ ಅದು ಬಳಕೆಗೆ ಬಂತು. ಅದೂ ಮರಕ್ಕೆ. ಲೋಹಕ್ಕೆ ಬೇರೆಯದೇ ಲೆಕ್ಕ. ಮರ ಕೊಯ್ಯುವ ಪಟ್ಟಿ ನಿಮಿಷಕ್ಕೆ ಸಾವಿರ ಮೀಟರ್ ಮೀರಿ ಓಡಬಹುದು. ಉಕ್ಕಿಗಾದರೆ ಸಾಮಾನ್ಯವಾಗಿ ನೂರರೊಳಗೆ ಇಳಿಸಿ, ತಂಪು ನೀರೆಣ್ಣೆ ಸುರಿಸಬೇಕು. ಲೋಹ ಕತ್ತರಿಸುವ ಬ್ಯಾಂಡ್‌ಸಾ ಅಮೆರಿಕದ ಲೇಟನ್ ವಿಲ್ಕಿ ಅವರ ಹೆಸರಿನಲ್ಲಿ ದಾಖಲಾಗಿರೋದು 1933ರಲ್ಲಿ.

ಅವಲಪಲ್ಲಿಯ ಒಂದು ಶೆಡ್ಡಿನಲ್ಲಿ ಹಿರಿಯ ಆಪರೇಟರ್ ಒಬ್ಬರು ನನಗೆ ಎರಡೂ ಕಾಲವನ್ನು ಕೈಯಾಡಿಸಿ ತೋರಿಸಿದರು. ಪವರ್ ಹ್ಯಾಕ್ಸಾ ಒಂದು ದಿಕ್ಕಿಗಷ್ಟೇ ಕತ್ತರಿಸುತ್ತೆ, ವಾಪಸ್ ಬರುವಾಗ ಖಾಲಿ. ಬ್ಯಾಂಡ್‌ಸಾಗೆ ವಾಪಸ್ಸೇ ಇಲ್ಲ. ಹಾಗಂತ ಗುಂಡಿ ಒತ್ತಿ ಕೂತರೆ ಆಯ್ತು ಅನ್ನೋ ಕೆಲಸವೂ ಅಲ್ಲ. ಲೋಹದೊಳಗೆ ಯಾವಾಗಲೂ ಕನಿಷ್ಠ ಮೂರು ಹಲ್ಲು ಇರಬೇಕು. ತೆಳು ಪೈಪಿಗೆ ದಪ್ಪ ಹಲ್ಲಿನ ಬ್ಲೇಡ್ ಹಾಕಿದರೆ ಹಲ್ಲುಗಳೇ ಉದುರುತ್ತವೆ. ಉದುರುವ ಚೂರು ಸುರುಳಿಯಾಗಿದ್ದರೆ ಸರಿ, ಪುಡಿಯಾದರೆ ಒತ್ತಡ ಸಾಲದು, ನೀಲಿಯಾದರೆ ಅತಿಯಾಯ್ತು. ಇದನ್ನೆಲ್ಲ ಅವರು ಕನ್ನಡದಲ್ಲಿ ಹೇಳಿದರು, ಪಕ್ಕದ ಹುಡುಗನಿಗೆ ತೆಲುಗಿನಲ್ಲಿ, ಫೋನಿನಲ್ಲಿ ತಮಿಳಿನಲ್ಲಿ.

ಈ ತಿಳಿವಳಿಕೆ ಶೆಡ್ಡಿನ ಯಾವ ಕಾಗದದಲ್ಲೂ ಇಲ್ಲ. ಚಲನ್ ಪುಸ್ತಕದಲ್ಲಿ ಇರೋದು ವ್ಯಾಸ, ಉದ್ದ, ತುಂಡುಗಳ ಎಣಿಕೆ, ತೂಕ; ಕತ್ತರಿಸಿದವನ ಹೆಸರಿಲ್ಲ. ಆದರೂ ಆ ಶೆಡ್ಡು ಯಾವಾಗ ಹ್ಯಾಕ್ಸಾ ಬಿಟ್ಟಿತು ಅಂತ ನಾನು ಅಂದಾಜು ಮಾಡಿದ್ದು ಅದರಿಂದಲೇ. ಒಂದು ಕಡೆಯಿಂದ ಮುಂದಕ್ಕೆ ದಿನದ ಎಣಿಕೆ ಒಮ್ಮೆಲೇ ಏರುತ್ತೆ, ಪುಟಗಳಲ್ಲಿ ಬ್ಲೇಡಿನ ಖರ್ಚು ಕಾಣಿಸಿಕೊಳ್ಳುತ್ತೆ. ಅದೇ ನನ್ನ ಇಸವಿ. ಗೇಟಿನ ಇಸವಿಗಿಂತ ಇದನ್ನು ನಾನು ಹೆಚ್ಚು ನಂಬ್ತೀನಿ.

ನನಗೆ ಸಿಕ್ಕಿದ್ದು ಮೂರೇ ಪುಸ್ತಕ. ಉಳಿದವು ನಾನು ಹೋಗುವ ಮೊದಲೇ, ಸವೆದ ಬ್ಲೇಡುಗಳ ಜೊತೆ ಗುಜರಿಯವನ ತಕ್ಕಡಿ ಏರಿದ್ದವು. ನಿಮ್ಮಲ್ಲಿ ಯಾರ ಮನೆಯವರಾದರೂ ಇಂಥ ಶೆಡ್ಡು ನಡೆಸ್ತಿದ್ದರೆ, ಈ ವಾರವೇ ಅಟ್ಟ ನೋಡಿ.