ಬೆನ್ನಿನ ಭಾರ ಬಾನಿಗೇರಿದ ಬಗೆ

1944ರ ಸೆಪ್ಟೆಂಬರ್ 17ರಂದು ಹಾಲೆಂಡಿನ ಆರ್ನ್‌ಹೆಮ್ ಪಟ್ಟಣದ ಬಳಿ ಬ್ರಿಟಿಷರ ಪ್ಯಾರಾಚೂಟ್ ಸೈನ್ಯವೊಂದು ಆಕಾಶದಿಂದ ಇಳಿಯಿತು. ರೈನ್ ನದಿಯ ಸೇತುವೆಯನ್ನು ಹಿಡಿದು, ದಕ್ಷಿಣದಿಂದ ಭೂಸೈನ್ಯ ಬರುವ ತನಕ ಅದನ್ನು ಕಾಯುವುದು ಅದರ ಹೊಣೆ. ಆ ಸಿಪಾಯಿಗಳಿಗೆ ಎದೆಗಾರಿಕೆಯ ಕೊರತೆ ಇರಲಿಲ್ಲ. ಕೊರತೆ ಬಿದ್ದದ್ದು ಮಾತಿಗೆ. ಹೊತ್ತು ತಂದಿದ್ದ ರೇಡಿಯೋಗಳ ದನಿ ಮರಗಳ, ಮನೆಗಳ ನಡುವೆ ಅಡಗಿಹೋಯಿತು. ಸೇತುವೆಯ ಬಳಿ ಸಿಕ್ಕಿಕೊಂಡವರಿಗೂ ಉಳಿದ ದಂಡಿಗೂ ಸಂಪರ್ಕ ತಪ್ಪಿತು. 19ರಂದು ಒಂದು ಪಾರಿವಾಳವನ್ನು ಹಾರಿಬಿಟ್ಟರು. ಅದು ಕಡಲು ದಾಟಿ ನಾಲ್ಕೂವರೆ ಗಂಟೆಯೊಳಗೆ ಇಂಗ್ಲೆಂಡನ್ನು ಮುಟ್ಟಿತು. ಆದರೆ ಹಕ್ಕಿ ಉತ್ತರವನ್ನು ತರಲಾರದಷ್ಟೆ! ಇಳಿದ ಸುಮಾರು 10,000 ಮಂದಿಯಲ್ಲಿ ನದಿ ದಾಟಿ ಹಿಂದಿರುಗಿದವರು ಕಾಲು ಭಾಗದಷ್ಟು. ಆ ಸೋಲಿಗೆ ಕಾರಣಗಳು ಹಲವು. ಮಾತು ಮುಟ್ಟದಿದ್ದುದು ಅವುಗಳಲ್ಲೊಂದು.

ಮರುವರ್ಷ, 1945ರ ಅಕ್ಟೋಬರಿನಲ್ಲಿ, ಬ್ರಿಟಿಷ್ ವಾಯುಪಡೆಯಲ್ಲಿ ರೇಡಾರ್ ಕೆಲಸ ಮಾಡಿದ್ದ ಆರ್ಥರ್ ಕ್ಲಾರ್ಕ್ ಒಂದು ಲೇಖನವನ್ನು ಪ್ರಕಟಿಸಿದರು. ಭೂಮಧ್ಯರೇಖೆಯ ಮೇಲೆ ಸುಮಾರು 22,300 ಮೈಲಿ ಎತ್ತರದಲ್ಲಿ ಸುತ್ತುವ ಉಪಗ್ರಹವು ಭೂಮಿಯೊಡನೆ ಸಮನಾಗಿ ತಿರುಗುವುದರಿಂದ ನಮ್ಮ ಕಣ್ಣಿಗೆ ನಿಂತಲ್ಲೇ ನಿಂತಿರುತ್ತದೆ. ನೆಲದ ಮಾತನ್ನು ಅದಕ್ಕೆ ಒಪ್ಪಿಸಿ ಮರಳಿ ನೆಲಕ್ಕೆ ಇಳಿಸಿಕೊಳ್ಳಬಹುದು ಎಂಬುದು ಅದರ ಸಾರ.

ಯೋಚನೆ ಸುಲಭ, ಸಾಧನೆ ಕಷ್ಟ. 1966ರ ಜೂನ್ 16ರಂದು ಅಮೆರಿಕದ ಸೈನ್ಯವು ಒಂದೇ ರಾಕೆಟ್ಟಿನಲ್ಲಿ ಏಳು ಸಂಪರ್ಕ ಉಪಗ್ರಹಗಳನ್ನು ಹಾರಿಸಿತು. ಒಂದೊಂದರ ತೂಕ ಸುಮಾರು 100 ಪೌಂಡು. ಅವುಗಳ ದನಿ ಬಲು ಕ್ಷೀಣ. ಹೇಳುವವನ ದನಿ ಸಣ್ಣದಾದರೆ ಕೇಳುವವನ ಕಿವಿ ದೊಡ್ಡದಿರಬೇಕಲ್ಲವೆ? ಆದ್ದರಿಂದ ನೆಲದ ಮೇಲೆ 40 ಅಡಿ ಅಗಲದ ಆಂಟೆನಾ ಬೇಕಾಯಿತು. ವಿಯೆಟ್ನಾಮಿನಿಂದ ಸುದ್ದಿ ಅಮೆರಿಕಕ್ಕೆ ಹೋಯಿತೇನೋ ನಿಜ. ಆದರೆ ಅಂಥದನ್ನು ಕಾಡಿನೊಳಗಿನ ಕಾಲಾಳು ಹೊರುವುದುಂಟೆ?

1969ರ ಫೆಬ್ರವರಿಯಲ್ಲಿ ಅವರು ಲೆಕ್ಕವನ್ನು ತಿರುಗಿಸಿ ಹಾಕಿದರು. ಆಗ ಮೇಲೇರಿದ ಟ್ಯಾಕ್‌ಸ್ಯಾಟ್ ಉಪಗ್ರಹದ ತೂಕ ಸುಮಾರು 1,600 ಪೌಂಡು. ಮೇಲಿನ ದನಿ ಬಲವಾದುದರಿಂದ ಕೆಳಗಿನ ಕಿವಿ ಚಿಕ್ಕದಾಯಿತು. ಜೀಪಿನಲ್ಲಿ, ವಿಮಾನದಲ್ಲಿ, ಕಡೆಗೆ ಸಿಪಾಯಿಯ ಬೆನ್ನಿನ ಮೇಲೂ ಅದಕ್ಕೆ ಜಾಗ ದೊರೆಯಿತು.

ಹಾಗೆಂದು ಚಾಕಚಕ್ಯತೆ ಬೇಡವೆಂದಲ್ಲ. ತುಕಡಿಯವರು ಬಯಲು ಜಾಗವನ್ನು ಹುಡುಕಬೇಕು. ಕೊಡೆಯಂತೆ ಮಡಿಸಿದ ಆಂಟೆನಾವನ್ನು ಬಿಚ್ಚಬೇಕು. ದಿಕ್ಸೂಚಿ ನೋಡಿ ಉಪಗ್ರಹವಿರುವತ್ತ ತಿರುಗಿಸಿ, ತಕ್ಕ ಕೋನಕ್ಕೆ ಎತ್ತಬೇಕು. ದಟ್ಟ ಮರವೋ ಗೋಡೆಯೋ ಅಡ್ಡಬಂದರೆ ಇಲ್ಲಿಯೂ ಆರ್ನ್‌ಹೆಮ್ಮಿನ ಪಾಡೇ.

ನಮ್ಮ ದೇಶವೂ ಇದೇ ದಾರಿಯನ್ನು ಹಿಡಿಯಿತು. 2015ರ ಆಗಸ್ಟ್ 27ರಂದು ಶ್ರೀಹರಿಕೋಟೆಯಿಂದ ಏರಿದ ಜಿಸ್ಯಾಟ್-6 ಸುಮಾರು 20 ಅಡಿ ಅಗಲದ ಆಂಟೆನಾವನ್ನು ಮಡಿಸಿಕೊಂಡು ಹೋಗಿ ಅಂತರಿಕ್ಷದಲ್ಲಿ ಬಿಚ್ಚಿತು. ಅದನ್ನು ಅದರ ಜಾಗಕ್ಕೆ ಮುಟ್ಟಿಸಿದ ಆಜ್ಞೆಗಳು ಹೊರಟದ್ದು ನಮ್ಮ ಹಾಸನದಿಂದ. ಅಷ್ಟು ದೊಡ್ಡ ಕಿವಿ ಮೇಲಿದ್ದುದರಿಂದಲೇ ಕೆಳಗೆ ಕೈಯಲ್ಲಿ ಹಿಡಿಯುವ ಯಂತ್ರ ಸಾಕೆನಿಸಿತು.

ಭಾರ ಕರಗಲಿಲ್ಲ, ಹೆಗಲು ಬದಲಾಯಿತು. ಮಾತು ಮುಟ್ಟಿದ ಮಾತ್ರಕ್ಕೆ ಗೆಲುವು ಬಂದೀತೆಂದಲ್ಲ. ಆದರೆ ನೆರವಿಗಾಗಿ ಕೂಗಿದವನು, ತನ್ನ ಕೂಗು ಯಾರಿಗಾದರೂ ಕೇಳಿಸಿತೆ ಎಂದು ತಿಳಿಯದೆಯೇ ಸಾಯುವಂತಾಗಬಾರದು.