ಸಲೈನ್ ಸೂಜಿಯೂ ಅಂಟುಪಟ್ಟಿಯೂ

ಮುಂದೆ ಕಿಮ್ಸ್ ಎಂದು ಹೆಸರಾದ ಕರ್ನಾಟಕ ಮೆಡಿಕಲ್ ಕಾಲೇಜು ಹುಬ್ಬಳ್ಳಿಯಲ್ಲಿ 1957ರಲ್ಲಿ ಆರಂಭವಾದಾಗ, ಈ ಭಾಗದ ಜನ 'ಸಲಾಯಿನ್ ಹಚ್ಚೂದು' ಎನ್ನುವ ಚಿಕಿತ್ಸೆಗೆ ಭಾರತದ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿದ್ದುದು ಗಾಜಿನ ಬಾಟಲಿ, ರಬ್ಬರ್ ನಳಿಕೆ ಮತ್ತು ಕುದಿಸಿ ಮತ್ತೆ ಮತ್ತೆ ಬಳಸುವ ಉಕ್ಕಿನ ಸೂಜಿ. ಕೈ ಅಲುಗಿದರೆ ಗಟ್ಟಿ ಸೂಜಿಯ ಮೊನೆ ನಾಳದ ಗೋಡೆಯನ್ನು ಚುಚ್ಚಿ, ದ್ರವ ಹೊರಗೆ ಸೋರಿ ಬಾವು ಬರುತ್ತಿದ್ದುದರಿಂದ, ಅಂದಿನ ಪಟ್ಟಿ ಸೂಜಿಯನ್ನು ಹಿಡಿಯುವುದಕ್ಕಿಂತ ಹೆಚ್ಚಾಗಿ ಕೈಯನ್ನೇ ಹಲಗೆಗೆ ಬಿಗಿಯುವ ಸಾಧನವಾಗಿತ್ತು. ಅದಕ್ಕೂ ಹಿಂದೆ, ಲಿಯೊನಾರ್ಡ್ ರೋಜರ್ಸ್ ಕಲ್ಕತ್ತೆಯಲ್ಲಿ ಕಾಲರಾ ರೋಗಿಗಳಿಗೆ ಉಪ್ಪುನೀರು ಏರಿಸುತ್ತಿದ್ದ ಕಾಲದಲ್ಲಿ, ನಾಳವನ್ನು ಕೊಯ್ದು ತೆರೆದು ಕೊಳವೆಯನ್ನು ದಾರದಿಂದಲೇ ಕಟ್ಟಲಾಗುತ್ತಿತ್ತು.

ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಡೇವಿಡ್ ಮಾಸಾ 1950ರಲ್ಲಿ ರೂಪಿಸಿದ ಪ್ಲಾಸ್ಟಿಕ್ ಕೊಳವೆಯ ಮಾದರಿಯಿಂದ ಬೆಳೆದ ಕ್ಯಾನುಲಾ, ಅಂದರೆ ಸೂಜಿ ಹೊರತೆಗೆದ ಮೇಲೆ ನಾಳದಲ್ಲೇ ಉಳಿಯುವ ಮೆದು ಕೊಳವೆ, ಹಲಗೆಯ ಅಗತ್ಯವನ್ನು ಬಹುಮಟ್ಟಿಗೆ ಕಳೆಯಿತು. ಆದರೆ ಕ್ಯಾನುಲಾ ಜಾರಿ ಹೊರಬರುವ ಭಯ ಉಳಿದೇ ಉಳಿಯಿತು. ಶುಶ್ರೂಷಾ ಪಠ್ಯಗಳು ಇದಕ್ಕೆ ಮೂರು ಬಗೆಯ ಪಟ್ಟಿ ಕಲಿಸುತ್ತವೆ. ಅಂಟು ಮೇಲ್ಮುಖವಾದ ಕಿರುಪಟ್ಟಿಯನ್ನು ಕ್ಯಾನುಲಾದ ಅಡಿಗೆ ತೂರಿಸಿ ಎರಡೂ ತುದಿಗಳನ್ನು ಮೇಲೆ ಅಡ್ಡಹಾಯಿಸಿ ಅಂಟಿಸುವುದು ಶೆವ್ರಾನ್. ತುದಿಗಳನ್ನು ಹಾಯಿಸದೆ ಕ್ಯಾನುಲಾದ ಎರಡೂ ಬದಿಯ ರೆಕ್ಕೆಗಳ ಮೇಲೆ ಮಡಚಿ ಕೊಳವೆಗೆ ಸಮಾನಾಂತರವಾಗಿ ಬಿಡುವುದು 'ಯು' ವಿಧಾನ. ಎರಡು ರೆಕ್ಕೆಗಳಿಗೂ ಒಂದೊಂದು ಪಟ್ಟಿ ಹಚ್ಚಿ, ಮೂರನೆಯದನ್ನು ಅಡ್ಡಲಾಗಿ ಎಳೆಯುವುದು 'ಎಚ್' ವಿಧಾನ. ಇವುಗಳಲ್ಲಿ ಶೆವ್ರಾನ್ ಗಟ್ಟಿ ಹಿಡಿತದ್ದೆಂದು ಹೆಸರಾದರೂ, ಪಟ್ಟಿ ಚುಚ್ಚಿದ ಜಾಗವನ್ನೇ ಮುಚ್ಚಿಬಿಟ್ಟರೆ ಕೆಂಪು, ಬಾವು ಕಣ್ಣಿಗೆ ಬೀಳುವುದಿಲ್ಲ. ಆ ಗಟ್ಟಿತನಕ್ಕೆ ತೆರುವ ಬೆಲೆ ಸಣ್ಣದಲ್ಲ.

ಹಾವೇರಿ, ಗದಗ, ಉತ್ತರ ಕನ್ನಡದ ತಾಲ್ಲೂಕು ಆಸ್ಪತ್ರೆಗಳಿಂದ ಕ್ಯಾನುಲಾ ಹಾಕಿಸಿಕೊಂಡೇ ಹುಬ್ಬಳ್ಳಿಗೆ ಬರುವ ರೋಗಿಗಳ ವಿಷಯದಲ್ಲಿ ಹಿಡಿತದ ಪ್ರಶ್ನೆ ಇನ್ನಷ್ಟು ತೀವ್ರವಾಗುತ್ತದೆ, ಏಕೆಂದರೆ ಕುಲುಕುವ ಆ್ಯಂಬುಲೆನ್ಸ್‌ನ ಹಾದಿಯಲ್ಲಿ, ಏಪ್ರಿಲ್ ಬೆವರಿನಲ್ಲಿ ಯಾವ ಅಂಟೂ ಸಡಿಲಾಗದೆ ಇರುವುದಿಲ್ಲ. ಪಾರದರ್ಶಕ ಪಾಲಿಯುರೆಥೇನ್ ಹಾಳೆ ಬಂದ ಮೇಲೆ ಸಮಸ್ಯೆ ಮುಗಿಯಿತೆಂದುಕೊಂಡವರಿಗೆ, ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ನಡೆದು 2018ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ನಿರಾಸೆಯನ್ನೇ ತಂದಿತು: ಸಾದಾ ಹಾಳೆ, ಅಂಚುಳ್ಳ ಹಾಳೆ, ವಿಶೇಷ ಹಿಡಿಕೆ, ಚರ್ಮದ ಗೋಂದು, ಈ ನಾಲ್ಕರಲ್ಲೂ ಶೇ. 38ರಿಂದ 43ರಷ್ಟು ಕ್ಯಾನುಲಾಗಳು ಕೆಲಸ ಮುಗಿಯುವ ಮೊದಲೇ ಕೆಟ್ಟವು, ಮತ್ತು ಅವುಗಳ ನಡುವಿನ ಅಂತರ ಗಣನೀಯವೆನಿಸಲಿಲ್ಲ. ದುಬಾರಿ ವಸ್ತುವಿಗೆ ಹಣ ಹೊಂದಿಸಲಾಗದ ವಾರ್ಡಿಗೆ ಇದು ಒಂದರ್ಥದಲ್ಲಿ ಸಮಾಧಾನದ ಸುದ್ದಿಯೇ. ಆದರೆ ಪ್ಲಾಸ್ಟರ್ ಸುರುಳಿಯಿಂದ ಪಟ್ಟಿ ಹರಿದು ಮೊದಲೇ ಮಂಚದ ಸರಳಿಗೆ ಅಂಟಿಸಿಟ್ಟು, ಅದನ್ನೇ ಚುಚ್ಚಿದ ಜಾಗಕ್ಕೆ ಹಚ್ಚುವ ಹಳೆಯ ರೂಢಿಗೆ ಅದು ಸಮರ್ಥನೆಯಾಗಲಾರದು, ಏಕೆಂದರೆ ಸೋಂಕು ಆ ಸರಳಿನಿಂದಲೇ ಪಟ್ಟಿಗೆ ಹತ್ತಬಹುದು.